ಹನ್ನೆರಡು ದಿನ

ಕದಿರಯ್ಯನವರು ಗಾಡಿ ತಳ್ಳಿಕೊಂಡು ಬರುವುದನ್ನು ಕಂಡು ಬೈರಪ್ಪನಿಗೆ ಮೊದಲು ತೋಚಿದ್ದು, ತನ್ನ ರಿಪೇರಿ ಷೆಡ್ಡಿನ ಹಿಂಬದಿಯಿಂದ ಜಾರಿಕೊಳ್ಳುವುದು. ಆದರೆ ಮುದುಕರ ಕಣ್ಣಿಗೆ ಅವನು ಆಗಲೇ ಬಿದ್ದಿದ್ದ.

ಆ ಕೆಂಪು ಮೋಟಾರ್ ಬೈಕನ್ನು ಅರಿಯದವರು ಶಿರಾದಲ್ಲಿ ಇರಲಿಲ್ಲ. ಅದು ಕದಿರಯ್ಯನವರ ಒಬ್ಬನೇ ಮಗ ಮುದ್ದರಂಗನದು. ಮೂರು ತಿಂಗಳ ಕೆಳಗೆ, ಹಿರಿಯೂರಿನ ರಸ್ತೆಯಲ್ಲಿ, ಎದುರಿಗೆ ನರಪಿಳ್ಳೆಯೂ ಇಲ್ಲದ ನೇರ ದಾರಿಯಲ್ಲಿ, ಅದು ಅವನನ್ನು ಎತ್ತಿ ಒಗೆದು ಕೊಂದಿತ್ತು.

“ಬೈರಪ್ಪನ ಸ್ಪೀಡು” ಎಂದಿತು ಊರು. ಅವನು ಹೋಗಿ ಕೂತರೆ ಟೀ ಅಂಗಡಿಯ ಬೆಂಚು ಖಾಲಿಯಾಗುತ್ತಿತ್ತು. ಹೆಂಡತಿ ದಾಸಮ್ಮ ನಲ್ಲಿ ನೀರಿಗೆ ಹೋಗುವ ಹೊತ್ತನ್ನೇ ಬದಲಾಯಿಸಿಕೊಂಡಿದ್ದಳು.

ಊರಿನ ಮಾತು ಸುಳ್ಳಲ್ಲ ಎಂಬುದೇ ಅವನ ಸಂಕಟ. ಮುದ್ದರಂಗ ಪಂದ್ಯದಲ್ಲಿ ಗೆಲ್ಲಲೆಂದು ಇಂಜಿನ್ನಿನ ಟೈಮಿಂಗ್ ಏರಿಸಿದವನು, ಸೈಲೆನ್ಸರಿನ ಹೊಟ್ಟೆ ಬರಿದು ಮಾಡಿದವನು ಬೈರಪ್ಪನೇ. ಅದಕ್ಕಿಂತ ದೊಡ್ಡ ನಾಚಿಕೆ ಇನ್ನೊಂದಿತ್ತು. ಸಾವಿಗೆ ಹದಿನೈದು ದಿನ ಮೊದಲು ಕದಿರಯ್ಯನವರು ಇದೇ ಬಾಗಿಲಿಗೆ ಬಂದು ಕೈಮುಗಿದಿದ್ದರು. ಮದುವೆಗೆ, ಭಜನೆಗೆ ಗ್ಯಾಸ್‌ಲೈಟ್ ಹಚ್ಚಿಕೊಡುವ ಕಸುಬು ಅವರದು.

“ಅವನಿಗೆ ಗೊತ್ತಾಗ್ದಂಗೆ ಗಾಡೀನ ಒಸಿ ನಿಧಾನ ಮಾಡ್ಬುಡಪ್ಪ. ಸೀಮೆಣ್ಣೆ ಕಮ್ಮಿ ಬುಟ್ರೆ ನಮ್ ಲೈಟು ಸಣ್ಣಗಾಯ್ತದೆ. ಇದಕ್ಕೂ ಅಂಗೇ ತಾನೆ?”

“ಅಂಗೇ ಬುಡಿ ಯಜಮಾನ್ರೇ. ಮಾಡ್ತೀನಿ” ಎಂದಿದ್ದ ಬೈರಪ್ಪ, ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತದೆ.

ಮಾಡಲಿಲ್ಲ. ಮಾಡದ್ದಷ್ಟೇ ಅಲ್ಲ, ಮಗನಿಗೆ ಹೇಳಿ ಇಬ್ಬರೂ ಕೂಡಿ ನಕ್ಕರು. “ನಮ್ಮಪ್ಪನ ಮಾತು ಕೇಳಿದ್ರೆ ನನ್ ಗಾಡಿಗೂ ಮೂಗುದಾರ ಪೋಣಿಸ್ತೀಯ ಬೈರಣ್ಣ” ಎಂದಿದ್ದ ಮುದ್ದರಂಗ. ಅವನೇ ವಾರ ಕಳೆದು ಬಂದು, “ಯಾಕೋ ಎಳೀತಿಲ್ಲ, ಇಂಜಿನ್ನು ಕಾಯ್ತದೆ” ಎಂದಾಗ ಬೈರಪ್ಪ ಬಿಚ್ಚಿ ನೋಡಿರಲಿಲ್ಲ. “ಪೆಟ್ರೋಲಿಗೆ ಏನೋ ಬೆರೆಸವ್ರೆ ಕಣ್ಲಾ” ಎಂದು ಬೆನ್ನು ತಟ್ಟಿ ಕಳಿಸಿದ್ದ.

ಈಗ ಕದಿರಯ್ಯನವರು ಗಾಡಿಗೆ ಸ್ಟ್ಯಾಂಡ್ ಹಾಕಿ, ಹಣೆಯ ನಾಮ ಕದಡದಂತೆ ಬೆವರೊರೆಸಿಕೊಂಡರು.

“ಅಳಿಯನಿಗೆ ಕೊಡ್ತೀನಿ. ಕೊಳಾಲದಲ್ಲಿ ಮೇಷ್ಟ್ರು. ಸರಿ ಮಾಡ್ಕೊಡು. ಆದ್ರೆ ನಿಧಾನಕ್ಕೆ ಹೋಗ್ಬೇಕು.”

“ಬೇರೆ ಮೆಕ್ಯಾನಿಕ್ ಸಿಗ್ಲಿಲ್ವಾ ಯಜಮಾನ್ರೇ?”

“ಅಲ್ಲಿಗೋದ್ರೆ ಎಲ್ಲಾ ನಿನ್ನೇ ಬೈತಾರೆ. ಅದನ್ನ ಕೇಳಕ್ಕೆ ನಾನ್ಯಾಕೆ ಹೋಗ್ಲಿ?”

ಅವರು ಬೆಂಚಿನ ಮೇಲೆ ಕೂತು ಜಪಮಣಿ ತೆಗೆದರು. ತುಟಿ ಮಾತ್ರ ಅಲುಗುತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡು ಬೈರಪ್ಪ ಸ್ಪ್ಯಾನರ್ ಹಿಡಿದ.

ಮೊದಲು ಇಂಜಿನ್ ಬಿಚ್ಚಿದ. ಪಿಸ್ಟನ್ನಿನ ಮೈತುಂಬ ಉಗುರಿನಿಂದ ಗೀರಿದಂಥ ಗೆರೆಗಳು. ಓಡುತ್ತಿದ್ದಾಗಲೇ ಒಣಗಿ, ಸಿಲಿಂಡರಿಗೆ ಕಚ್ಚಿಕೊಂಡಿದೆ. ಹಿಂದಿನ ಚಕ್ರ ತಟ್ಟನೆ ನಿಂತಿದೆ. ಆದರೆ ಒಣಗಿದ್ದೇಕೆ? ಈ ಗಾಡಿಗೆ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತಾರೆ. ಪೆಟ್ರೋಲ್ ಸಾಲದೆ ಹೋದರೆ ಆಯಿಲೂ ಸಾಲದು.

ಕಾರ್ಬುರೇಟರ್ ಬಿಚ್ಚಿದ. ಪೆಟ್ರೋಲ್ ಹಾಯುವ ಹಿತ್ತಾಳೆಯ ಪುಟ್ಟ ಜೆಟ್ಟನ್ನು ಬೆಳಕಿಗೆ ಹಿಡಿದ. ತೂತು ದುಂಡಗೆ ಕಾಣಲಿಲ್ಲ. ಸೂಜಿಯಿಂದ ಮೀಟಿದಾಗ ಹೊರಬಂದದ್ದು ಕೂದಲಿನಷ್ಟು ಸಣ್ಣ ತಾಮ್ರದ ಎಳೆ. ಜಾರಿ ಬೀಳದಂತೆ ಎರಡೂ ತುದಿ ಮಡಿಸಿತ್ತು.

ಅದು ತಾನಾಗಿ ಬಂದ ಕಸವಲ್ಲ. ಯಾರೋ ಬೇಕೆಂದೇ ಇಟ್ಟದ್ದು.

ಪ್ರತಿ ಪಂದ್ಯದಲ್ಲೂ ಸೋಲುತ್ತಿದ್ದ ಮಾರಣ್ಣನ ಮುಖ ಕಣ್ಣೆದುರು ಬಂತು. “ನಿನ್ ಗಾಡಿ ಅದೆಷ್ಟು ದಿನ ಓಡ್ತದೋ ನೋಡ್ತೀನಿ” ಎಂದು ಮುದ್ದರಂಗನಿಗೆ ಎಲ್ಲರೆದುರೇ ಹೇಳಿದ್ದವನು.

ಮೂರು ತಿಂಗಳಲ್ಲಿ ಮೊದಲ ಸಲ ಬೈರಪ್ಪನ ಬೆನ್ನು ನೆಟ್ಟಗಾಯಿತು. ಕೊಂದವನು ನಾನಲ್ಲ. ಪಂಚಾಯ್ತಿ ಕೂಡಿಸಿ, ಈ ಎಳೆಯನ್ನು ಎಲ್ಲರ ಮುಂದಿಡುತ್ತೇನೆ. ದಾಸಮ್ಮ ಎಲ್ಲರೊಡನೆ ನೀರಿಗೆ ಹೋಗಬಹುದು.

“ಯಜಮಾನ್ರೇ, ಇಲ್ನೋಡಿ!” ಅಂಗೈ ಚಾಚಿದ.

ಕದಿರಯ್ಯನವರು ಹತ್ತಿರ ಬಂದು ಬಗ್ಗಿ ನೋಡಿದರು. ಮಗ ಹೋದ ಮೇಲೆ ಅವರ ಮುಖದಲ್ಲಿ ನಗುವಿನಂಥದ್ದನ್ನು ಬೈರಪ್ಪ ಕಂಡದ್ದು ಆಗಲೇ.

“ಇನ್ನೂ ಅಲ್ಲೇ ಇತ್ತೇನಪ್ಪ ಇದು! ನಿಂಗೆ ಕೆಲಸ ಜಾಸ್ತಿ, ನೀನು ಮರ್ತೆ. ಅವನು ಬಸ್ಸಲ್ಲಿ ತುಮಕೂರಿಗೋಗಿದ್ದಾಗ ನಾನೇ ಬಿಚ್ಚಿ ಈ ಎಳೆ ಹಾಕ್ದೆ. ಲೈಟಲ್ಲಿ ಸೀಮೆಣ್ಣೆ ಹಾಯೋ ನಿಪ್ಪಲ್ ತೊಳ್ದು ತೊಳ್ದು ಪಳಗಿದ ಕೈಗೆ ಇದ್ಯಾವ ಲೆಕ್ಕ? ನೀನೇ ಹೇಳಿದ್ಯಲ್ಲ, ಇದಕ್ಕೂ ಅಂಗೇ ಅಂತ.”

ಬೈರಪ್ಪ ಚಾಚಿದ್ದ ಅಂಗೈಯನ್ನು ಹಿಂದಕ್ಕೆಳೆದುಕೊಂಡ.

“ಸ್ವಾಮಿ ಕೊನೆಗೂ ಕರ್ಕೊಂಡ. ಆದ್ರೂ ಈ ಎಳೆ ಹಾಕಿದ್ಮೇಲೆ ಹನ್ನೆರಡು ದಿನ ಇದ್ದ. ಆ ಹನ್ನೆರಡು ದಿನ ಉಳಿಸ್ಕೊಂಡ್ವಲ್ಲ ಅಂತ ನೆನ್ಕಂಡೇ ನಾನೂ ನಮ್ಮವಳೂ ಎರಡು ತುತ್ತು ಉಣ್ತಿರೋದು. ಅಳಿಯನಿಗೂ ಇದು ಅಲ್ಲೇ ಇರ್ಲಿ.”

ಬೈರಪ್ಪ ಮುಷ್ಟಿ ಮುಚ್ಚಿದ.

“ಬ್ಯಾಡ ಯಜಮಾನ್ರೇ. ಆಕ್ಸಿಲರೇಟರ್ ಪೂರ್ತಿ ತಿರುಗ್ದಂಗೆ ಈ ಸಲ ನಾನೇ ತಡೆ ಹಾಕ್ತೀನಿ. ಇದು ನಂತಾವ ಇರ್ಲಿ.”

ಕದಿರಯ್ಯನವರು ತಲೆಯಾಡಿಸಿದರು. ಒಂದೆರಡು ಮಣಿ ಸರಿಸಿ, ಮೆಲ್ಲಗೆ ಕೇಳಿದರು: “ಊರೋರು ಅಂತಾರಲ್ಲಪ್ಪ, ನಿನ್ನ ಸ್ಪೀಡೇ ಅವನನ್ನ ತಿಂತು ಅಂತ. ನಿಜವಾ?”

“ನಿಜ ಯಜಮಾನ್ರೇ” ಎಂದ ಬೈರಪ್ಪ. “ನನ್ನ ಸ್ಪೀಡೇ.”