ಹೆಸರು ಬದಲಿಸಲಾಗಿದೆ

ಪತ್ರಿಕೋದ್ಯಮದ ವಿದ್ಯಾರ್ಥಿಗಳೇ ಬರೆದು ಹೊರತರುವ ಕಾಲೇಜು ಪತ್ರಿಕೆಯ ಮುಖಪುಟದಲ್ಲಿ ಅವಳ ಮೊದಲ ವರದಿ ಬಂದಿತ್ತು. ಸಾವಿರಾರು ಜನ ದುಡಿಯುವ ಕಾರ್ಖಾನೆಯೊಂದು ಕದ್ದುಮುಚ್ಚಿ ವಿಷದ ನೀರನ್ನು ಕೆರೆಗೆ ಬಿಡುತ್ತಿರುವ ಸುದ್ದಿ. ಗುಟ್ಟು ಹೇಳಿದವನು ಅಲ್ಲಿಯ ಕೂಲಿಯಾಳು, ಓದುಬರಹ ಬಾರದ ಪಕ್ಕದ ಮನೆಯ ಮಾವ. ಅವನ ಹೆಸರು ಎಲ್ಲೂ ಬರುವುದಿಲ್ಲವೆಂದು ಅವಳು ಮಾತು ಕೊಟ್ಟಿದ್ದಳು.

'ಮೂರೇ ಬೆರಳುಳಿದ ಬಲಗೈಯಲ್ಲಿ ಬೀಡಿ ಹಚ್ಚುತ್ತ ಬೋರಯ್ಯ (ಹೆಸರು ಬದಲಿಸಲಾಗಿದೆ) ಬಾಯಿಬಿಟ್ಟ' ಎಂದು ವರದಿ ಶುರುವಾಗುತ್ತಿತ್ತು. ಮೇಷ್ಟ್ರು ಅದನ್ನು ತರಗತಿಗೆಲ್ಲ ಓದಿ ಹೇಳಿದ್ದರು. "ಓದೋರ ಕಣ್ಣಿಗೆ ಮನುಷ್ಯ ಕಾಣ್ಬೇಕು. ಇಲ್ಲಿ ಕಾಣ್ತಾನೆ ನೋಡಿ."

ಮೂರನೆಯ ದಿನ ಕಾರ್ಖಾನೆಯ ಅಧಿಕಾರಿಯೊಬ್ಬರು ಕಾಲೇಜಿಗೇ ಬಂದು ಅವಳನ್ನು ಕರೆಸಿದರು. ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ.

"ಯಾರಮ್ಮ ಈ ಬೋರಯ್ಯ?"

"ಹೇಳೋಕಾಗಲ್ಲ ಸರ್."

"ಕೇಸು ಹಾಕ್ತೀವಿ ಅಂದ್ರೆ?"

"ಜೈಲಿಗೆ ಕಳ್ಸಿದ್ರೂ ಹೇಳಲ್ಲ."

ಅವರು ವರದಿಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು. ಆಮೇಲೆ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

"ಬೇಡ ಬಿಡಮ್ಮ. ತುಂಬ ಚೆನ್ನಾಗಿ ಬರೆದಿದ್ದೀಯ."

ಅಂದು ಗೆಳತಿಯರು ಅವಳಿಗೆ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ಕೊಡಿಸಿದರು. ಓದು ಮುಗಿಯುವ ಮೊದಲೇ ಪತ್ರಕರ್ತೆಯಾದಳೆಂದು ಹೊಗಳಿದರು.

ಮರುದಿನ ಬೆಳಿಗ್ಗೆ ಮಾವನ ಫೋನು ಬಂತು.

"ನಮ್ಮ ಸಾಹೇಬ್ರು ನಿಮ್ಮ ಕಾಲೇಜಿಗೆ ಬಂದಿದ್ರಂತೆ. ಹೆದರ್ಕೊಂಡು ನನ್ನ ಹೆಸರು ಹೇಳ್ಲಿಲ್ಲ ತಾನೆ?"

"ಪ್ರಾಣ ಹೋದ್ರೂ ಹೇಳಲ್ಲ ಮಾವ."

"ನಂಗೊತ್ತು ಕಣವ್ವ. ಸರಿ, ಇಡ್ತೀನಿ, ಗೇಟಲ್ಲಿ ಸಾಲಾಗಿ ನಿಲ್ಸವ್ರೆ. ಅದೇನೋ ಇವತ್ತು ಒಬ್ಬೊಬ್ಬರ ಕೈ ನೋಡಿ ಒಳಗೆ ಬಿಡ್ತಾವ್ರೆ."