ಕೌದಿಯೊಳಗೆ ಏನಿದೆ

ಪಾರ್ಸಲ್ ಚೀಲದ ಬಾಯಿ ಹೊಲಿಯಲು ಪೂರ್ಣಿಮಾ ದಬ್ಬಣಕ್ಕೆ ದಾರ ಪೋಣಿಸುವಷ್ಟರಲ್ಲಿ ಸ್ಟೆಲ್ಲಾ ಕೌದಿಯ ಮೇಲೆ ಕೈಯಿಟ್ಟು ಕೂತುಬಿಟ್ಟಳು. ತೆಗೆಯಲಿಲ್ಲ.

ಸ್ಟೆಲ್ಲಾಳ ಅಜ್ಜಿ ಮೂರು ತಿಂಗಳು ಹೊಲಿದ ಕೌದಿ ಅದು. ಊರ ಹೆಂಗಸರ ಕೌದಿ ಮಾರಿಸಿಕೊಡಲು ಹಳಿಯಾಳದಿಂದ ಬಂದಿದ್ದ ಪೂರ್ಣಿಮಾ ಅದನ್ನು ಮೈಸೂರಿನ ಅಂಗಡಿಯೊಂದಕ್ಕೆ ಕಳಿಸುವವಳಿದ್ದಳು. ಕೌದಿಗೆ ಕಟ್ಟಿದ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ‘ಕ್ವಿಲ್ಟ್’ ಎಂದು ಅಚ್ಚಾಗಿತ್ತು. ಏಳನೆಯ ತರಗತಿಗೇ ಶಾಲೆ ಬಿಟ್ಟಾಗ ಟೀಚರ್ ಕೊಟ್ಟಿದ್ದ ನಿಘಂಟನ್ನು ಸ್ಟೆಲ್ಲಾ ಬೆಳಿಗ್ಗೆ ತೆರೆದು ನೋಡಿದ್ದಳು: ಎರಡು ಬಟ್ಟೆಗಳ ನಡುವೆ ಹತ್ತಿ ತುಂಬಿದ ಹೊದಿಕೆ. ಅಜ್ಜಿಯ ಕೌದಿಯಲ್ಲಿ ಹತ್ತಿ ಎಲ್ಲಿಂದ ಬರಬೇಕು? ಇದ್ದದ್ದು ಹಳೆಯ ಸೀರೆ, ಮಾವನ ಲುಂಗಿ, ತನ್ನದೇ ಶಾಲೆಯ ಲಂಗ. ಕೊಂಡವರು ತಡವಿ ನೋಡಿ ಅಜ್ಜಿಯನ್ನು ಮೋಸಗಾತಿ ಅಂದರೆ?

“ಇದರಾಗ ಹತ್ತಿ ಇಲ್ರಿ ಅಕ್ಕಾರ,” ಅಂದಳು, ನೆಲ ನೋಡುತ್ತ. “ಆ ಚೀಟಿ ಸುಳ್ಳ ಹೇಳತೈತಿ.”

ಪೂರ್ಣಿಮಾ ದಬ್ಬಣ ಕೆಳಗಿಟ್ಟು ಫೋನಿನಲ್ಲಿ ಹುಡುಕಿದಳು. ಆ ಪದ ಬರೀ ವಸ್ತುವಿನ ಹೆಸರಲ್ಲ, ಕೆಲಸದ ಹೆಸರೂ ಹೌದು. ಪದರ ಸೇರಿಸಿ ಹೊಲಿದರೆ ‘ಕ್ವಿಲ್ಟೆಡ್’, ಹೊಲಿಯುತ್ತಿದ್ದರೆ ‘ಕ್ವಿಲ್ಟಿಂಗ್’, ಹತ್ತಿ ಇರಲೇಬೇಕೆಂದಿಲ್ಲ ಎಂದು ಸಮಾಧಾನ ಹೇಳಿದಳು. ಸ್ಟೆಲ್ಲಾಳ ಕೈ ಸಡಿಲವಾಯಿತು. ಪೂರ್ಣಿಮಾ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಲ್ಯಾಟಿನ್ ಎಂಬ ಹಳೆಯ ಭಾಷೆಯಲ್ಲಿ ಇದರ ಮೂಲ ಪದಕ್ಕೆ ತುಂಬಿದ ಹಾಸಿಗೆ ಎಂಬ ಅರ್ಥವಿತ್ತಂತೆ ಎಂದು ಅದನ್ನೂ ಓದಿದಳು.

ಸ್ಟೆಲ್ಲಾಳ ಕೈ ಮತ್ತೆ ಬಿಗಿಯಾಯಿತು. “ನೋಡ್ರಿ, ಹುಟ್ಟಿದಾಗಿಂದನ ಅದು ತುಂಬಿದ್ದ ಐತಿ.”

ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ಏನು ತಕರಾರೆಂದು ಕೇಳಿದಳು. ಒಳಗೆ ತುಂಬಿರಬೇಕಂತೆ ಎಂದು ಮೊಮ್ಮಗಳು ಪಿಸುಗುಟ್ಟಿದಳು. ಅಜ್ಜಿ ಎದ್ದು ಬಂದು ಅವಳ ಬೆರಳು ಹಿಡಿದು ಕೌದಿಯ ಮೂಲೆಗೆ ಒತ್ತಿದಳು. ಅಲ್ಲಿ ಹೂವಿನಂತೆ ಮಡಚಿ ಹೊಲಿದ ಬಣ್ಣದ ಬಟ್ಟೆಯ ತುಂಡು. ಅದಿಲ್ಲದ ಕೌದಿ ಅಜ್ಜಿಯ ಪಾಲಿಗೆ ಬತ್ತಲೆ. ಆ ತುಂಡಿನೊಳಗೆ ಗಟ್ಟಿಯಾದದ್ದೇನೋ ಬೆರಳಡಿ ಜಾರಿತು.

“ಖಾಲಿ ಕೌದಿ ನಾ ಯಾವಾಗ ಕೊಟ್ಟೇನಿ? ಹೊತಗೊಂಡವರ ಹೊಟ್ಟಿ ತುಂಬಿರ್ಲಿ ಅಂತ ನಾಕೂ ಮೂಲ್ಯಾಗ ಅಕ್ಕಿ ಹಾಕೇನಿ. ಮೂರು ತಿಂಗಳು ಬಾಜೂಕ ಕುಂತು ಏನ ನೋಡಿದಿ ನೀ?”

ಸ್ಟೆಲ್ಲಾ ಮೊದಲ ಸಲ ನಕ್ಕಳು. ಪೂರ್ಣಿಮಾ ತಾನೂ ಮೂಲೆ ಮುಟ್ಟಿ ನೋಡಿ, ಪೆನ್ನು ಅವಳ ಕೈಗಿತ್ತಳು. ಆ ಇಂಗ್ಲಿಷ್ ಪದದ ಕೆಳಗೆ ಸ್ಟೆಲ್ಲಾ ದುಂಡಗೆ ಬರೆದಳು:

‘ಹತ್ತಿ ಇಲ್ಲ. ಮೂಲೆಯಲ್ಲಿ ಅಕ್ಕಿ ಇದೆ. ಬಿಚ್ಚಬೇಡಿ.’