ಒಬ್ಬರಿಗೆ ಸಾಲುವಷ್ಟು

ಗುಜರಿಯವನು ಬಂದು ಬಾಗಿಲಲ್ಲಿ ನಿಂತರೂ ಕಂಪ್ಯೂಟರ್ ಎದ್ದಿರಲಿಲ್ಲ. ಅಲೀಮಾ ಇನ್ನೊಂದು ಫ್ಲಾಪಿ ಹಾಕಿ ಸ್ವಿಚ್ ಒತ್ತಿದಳು. ಪರದೆ ಕಪ್ಪಾಗಿಯೇ ಉಳಿಯಿತು.

ಬಾಗಲಕೋಟೆಯ ಆ ಕಾಲೇಜಿಗೆ ಎಂಬತ್ತೇಳರಲ್ಲಿ ಹೊಸ ಯಂತ್ರ ಬಂದ ಮೇಲೆ ಹಳೆಯದು ಮೂಲೆ ಸೇರಿತ್ತು. ಕರೆಂಟ್ ಏರುಪೇರಾಗಿ ಅದರ ಅರ್ಧ ಮೆಮೊರಿ ಸುಟ್ಟಿತ್ತು. ಉಳಿದರ್ಧದಲ್ಲಿ ಕರ್ನಲ್, ಅಂದರೆ ಯಂತ್ರ ಏಳುವಾಗ ಮೊದಲು ಒಳಗಿಳಿದು ಉಳಿದುದನ್ನೆಲ್ಲ ನಡೆಸುವ ಪ್ರೋಗ್ರಾಂ, ಹಿಡಿಸುತ್ತಲೇ ಇರಲಿಲ್ಲ. ಆ ಯಂತ್ರವನ್ನು ಇಳಕಲ್ಲಿಗೆ ಕೊಡಿ ಎಂದು ಕೇಳಿದವಳು ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ಅಲೀಮಾ. ಅವಳ ಊರಲ್ಲಿ ಮೆಟ್ರಿಕ್ ಮುಗಿಸಿ ಮಗ್ಗದ ಮುಂದೆ ಕೂತ ಹುಡುಗಿಯರನ್ನು ಬಾಗಲಕೋಟೆಗೆ ಕಳಿಸಿ ಓದಿಸುವವರಿರಲಿಲ್ಲ. ಕಂಪ್ಯೂಟರೇ ಅಲ್ಲಿಗೆ ಹೋದರೆ ಕಲಿತಾರು ಎಂಬುದು ಅವಳ ಆಸೆ. ಅವಳಿಗೆ ಶಾಲೆಯಲ್ಲಿ ಕಲಿಸಿದ್ದ ಬಸಲಿಂಗವ್ವ ಅಕ್ಕೋರು ತಮ್ಮ ಮನೆಯ ಮುಂದಿನ ಕೋಣೆ ಖಾಲಿ ಮಾಡಿಕೊಟ್ಟಿದ್ದರು. ವಿಭಾಗದ ಮುಖ್ಯಸ್ಥ ಹೊಳಬಸಪ್ಪನವರು ಮಾತ್ರ, ಎದ್ದರೆ ಒಯ್ಯಿರಿ, ಇಲ್ಲದಿದ್ದರೆ ಗುಜರಿಗೆ, ಏಳದ ಯಂತ್ರ ದಾನ ಕೊಟ್ಟು ಕಾಲೇಜಿನ ಹೆಸರು ಕೆಡಿಸಲಾರೆ ಎಂದಿದ್ದರು.

ಹಾಗಾಗಿ ಅವಳು ಹೊಸ ಯಂತ್ರದಲ್ಲಿ ಕೂತು ಕರ್ನಲ್ಲನ್ನು ಕತ್ತರಿಸುತ್ತ ಬಂದಿದ್ದಳು. ಪ್ರಿಂಟರಿನ ಭಾಗ ತೆಗೆದಳು, ಟೇಪಿನದು ತೆಗೆದಳು. ಪ್ರತಿ ಸಲ ಫ್ಲಾಪಿಯಲ್ಲಿ ತಂದು ಹಾಕಿದರೆ, ಜಾಗ ಸಾಲದೆಂಬ ಅದೇ ಸಾಲು ಪರದೆಯ ಮೇಲೆ ಬಂದು ನಿಲ್ಲುತ್ತಿತ್ತು. ಇಂದು, ಬೇರೆ ಬೇರೆ ಮೇಜಿನಿಂದ ಕೆಲಸ ಮಾಡಲು ಬೇಕಾಗುವ ಟರ್ಮಿನಲ್ಲುಗಳ ಭಾಗವನ್ನೂ ಕಿತ್ತು ತಂದರೆ, ಆ ಸಾಲೂ ಇಲ್ಲ. ಇಳಕಲ್ಲಿನಿಂದ ಟೆಂಪೊ ಮಾಡಿಸಿಕೊಂಡು ಬಂದಿದ್ದ ಅಕ್ಕೋರು ಗೋಡೆಯ ಬದಿಗೆ ಕೂತಿದ್ದರು. ಅವರ ಮುಖ ನೋಡಲು ಅಲೀಮಾಗೆ ಧೈರ್ಯವಾಗಲಿಲ್ಲ.

"ಸಾಕ್ ಮಾಡ್ರಿ ಅಲೀಮಾ. ಮಾಡೂದೆಲ್ಲಾ ಮಾಡೀರಿ," ಎಂದು ಹಿಂದೆ ನಿಂತಿದ್ದ ಹೊಳಬಸಪ್ಪ ಸ್ವಿಚ್ಚಿಗೆ ಕೈ ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು. ಡಿಸ್ಕಿನ ಕೆಂಪು ದೀಪ ಒಮ್ಮೆ ಮಿಣುಕಿ ಆರಿತ್ತು. ಅವರು ಬಗ್ಗಿ ಕಾದರು. ಸ್ವಲ್ಪ ಹೊತ್ತಿಗೆ ಮತ್ತೆ ಮಿಣುಕಿತು.

"ನಿಂತ ಯಂತ್ರ ಹಿಂಗ ಆಗಾಗ ಡಿಸ್ಕಿಗೆ ಬರಿಯಂಗಿಲ್ಲ," ಎಂದರು ಮೆಲ್ಲಗೆ. "ಇದು ಎದ್ದೈತ್ರಿ. ಹೇಳಾಕ ಬಾಯಿಲ್ಲ, ಅಷ್ಟ."

ಅಲೀಮಾ ಹಣೆ ಬಡಿದುಕೊಂಡಳು. ಟರ್ಮಿನಲ್ಲುಗಳ ಜೊತೆಗೆ ಯಂತ್ರದ ಸ್ವಂತ ಪರದೆಯನ್ನು ನಡೆಸುವ ಭಾಗವನ್ನೂ ಕಿತ್ತು ಹಾಕಿದ್ದಳು. ಅದಿಲ್ಲದೆ ನಡೆಯದು, ಮರಳಿ ಸೇರಿಸಿದರೆ ಜಾಗ ಸಾಲದು. ಹೊಳಬಸಪ್ಪ ಗುಜರಿಯವನನ್ನು ಚಹಾ ಕುಡಿದು ಬಾ ಎಂದು ಕಳಿಸಿ, ಅಂಗಿಯ ತೋಳು ಮಡಚಿ, ಹೊಸ ಯಂತ್ರದ ಮುಂದೆ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಮುಖ್ಯಸ್ಥರಾದ ಮೇಲೆ ಅವರು ಕೀಲಿಮಣೆ ಮುಟ್ಟಿದ್ದನ್ನು ಅವಳು ಕಂಡಿರಲಿಲ್ಲ. ಪರದೆಯ ಭಾಗ ಮರಳಿ ಸೇರಿಸಿ, ಒಂದೇ ಹೊತ್ತಿಗೆ ಎಷ್ಟು ಜನ, ಎಷ್ಟು ಕೆಲಸ ಎಂದು ಕರ್ನಲ್ ಕಾಯ್ದಿಡುವ ಜಾಗವನ್ನು ಇಬ್ಬರೂ ಇಳಿಸುತ್ತ ಬಂದರು. ಕೊನೆಗೆ ಉಳಿದದ್ದು ಒಬ್ಬರಿಗೆ ಸಾಲುವಷ್ಟು.

ಈ ಸಲ ಪರದೆಯ ಮೂಲೆಯಲ್ಲಿ ಹಸಿರು ಅಕ್ಷರಗಳು ಮೂಡಿದವು. ಯಂತ್ರ ಹೆಸರು ಕೇಳಿ ಕಾದು ನಿಂತಿತು. ಅಲೀಮಾ ತನ್ನ ಹೆಸರು ಒತ್ತಿದಳು, ಒಳಗೆ ಬಿಟ್ಟುಕೊಂಡಿತು.

ಅಕ್ಕೋರು ಎದ್ದು ಬಂದು, ಎಷ್ಟು ಹುಡುಗಿಯರು ಕೂಡಬಹುದು ಎಂದು ಕೇಳಿದರು. ಒಂದು ಸಲಕ್ಕೆ ಒಬ್ಬಳೇ ಎಂದು ಹೇಳಲು ಅಲೀಮಾಗೆ ಸಂಕೋಚವಾಯಿತು.

"ಆತಲ್ಲ. ನಳದ ನೀರಿಗೆ ಪಾಳಿ ಹಚ್ಚತೇವಿ, ಇದಕ್ಕೂ ಹಚ್ಚೂಣು," ಎಂದರು ಅಕ್ಕೋರು.

ಟೆಂಪೊದಲ್ಲಿ ಕೌದಿ ಹಾಸಿ, ಯಂತ್ರವಿಟ್ಟು ಹಗ್ಗ ಬಿಗಿದ ಮೇಲೂ ಹೊಳಬಸಪ್ಪನವರಿಗೆ ಸಮಾಧಾನವಿಲ್ಲ. ಅಮೀನಗಡದ ತನಕ ರಸ್ತೆ ಸರಿಯಿಲ್ಲ ಎಂದು ಗೊಣಗುತ್ತ ತಾವೇ ಹಿಂದೆ ಹತ್ತಿದರು. ಟೆಂಪೊ ಗೇಟು ದಾಟುವಾಗ, ಇಸ್ತ್ರಿ ಅಂಗಿಯ ಮುಖ್ಯಸ್ಥರು ಎರಡೂ ಕೈಯಿಂದ ಆ ಹಳೆಯ ಪೆಟ್ಟಿಗೆಯನ್ನು ತಬ್ಬಿ ಕೂತಿದ್ದನ್ನು ಕಾಲೇಜಿನ ಹುಡುಗರೆಲ್ಲ ನಿಂತು ನೋಡಿದರು.